ಸ್ನಾನ ಆದ ಮೇಲೆ ಆಫ್

ಲಾಕ್‌ಡೌನ್ ಚಳಿಗಾಲದಲ್ಲಿ ಪರದೇಶದ ಗಾಲ್ವೇ ಊರಿನ ನಮ್ಮ ಬಾಡಿಗೆ ಮನೆ ಬಿಸಿಯಾಗುವುದನ್ನೇ ಬಿಟ್ಟಿತ್ತು. ಅಂಗಳದ ನೆಲದಾಳದಿಂದ ಶಾಖ ಎಳೆದು ಇಡೀ ಮನೆಯನ್ನು ಬೆಚ್ಚಗಿಡಬೇಕಾದ ಹೀಟ್ ಪಂಪ್ ಇತ್ತು. ಅದರ ಫಿಲ್ಟರ್ ತೊಳೆದೆ, ಪ್ರೆಶರ್ ನೋಡಿದೆ, ಎಲ್ಲ ಸರಿಯಾಗೇ ಇತ್ತು. ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದ ಹೆಂಡತಿ ಮಾತ್ರ ಮನೆಯೊಳಗೂ ಕೋಟ್ ಬಿಚ್ಚುತ್ತಿರಲಿಲ್ಲ.

ಮೆಕ್ಯಾನಿಕ್ ಬಂದರು, ಆದರೆ ಒಳಗೆ ಬರುವಂತಿಲ್ಲ. ಕಿಟಕಿಯಾಚೆ ಮಾಸ್ಕ್ ಹಾಕಿ ನಿಂತು, ನಾನು ಮಾಡಿದ ವಿಡಿಯೋ ಕಾಲ್‌ನಲ್ಲೇ ಪಂಪಿನ ಪರದೆ ಓದಿದರು.

"ದಿನಾ ಬೆಳಿಗ್ಗೆ ಎಂಟೂವರೆಗೆ ನಿಮ್ಮನೇಲಿ ಕರೆಂಟ್ ಹೋಗುತ್ತಾ?"

"ಇಲ್ಲ, ಸ್ನಾನ ಆದ ಮೇಲೆ ನಾನೇ ಆಫ್ ಮಾಡ್ತೀನಿ. ಸಂಜೆ ಮತ್ತೆ ಹಾಕ್ತೀನಿ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಬೆಂಗಳೂರಿನಲ್ಲಿ ಗೀಸರ್ ಆಫ್ ಮಾಡದೆ ಹೊರಟರೆ ಅಮ್ಮ ಬಸ್‌ಸ್ಟಾಪಿನಿಂದ ವಾಪಸ್ ಕರೆಸುತ್ತಿದ್ದರು.

ಮೆಕ್ಯಾನಿಕ್ ಗಾಜಿನಾಚೆಯಿಂದ ಅಂಗಳದ ನೆಲದ ಕಡೆ ಬೆರಳು ತೋರಿಸಿದರು. ಆಮೇಲೆ ಹೇಳಿದರು: "ನೆಲದ ಬಿಸಿ ನಿಧಾನಕ್ಕೆ ಬರುತ್ತೆ. ನೀವು ದಿನಾ ಅದನ್ನ ಅರ್ಧ ದಾರಿಯಿಂದ ವಾಪಸ್ ಕಳಿಸ್ತಿದ್ದೀರಿ. ಮುಟ್ಟದೆ ಬಿಡಿ, ಗ್ರ್ಯಾಂಡ್ ಆಗುತ್ತೆ." ಗ್ರ್ಯಾಂಡ್ ಅಂದರೆ ಈ ಊರಲ್ಲಿ ಸರಿಯಾಗಿದೆ ಅಂತ, ಅಷ್ಟೇ.

ಮೂರನೇ ದಿನ ಹೆಂಡತಿ ಡ್ಯೂಟಿಯಿಂದ ಬಂದವಳೇ ಕೋಟ್ ಬಿಚ್ಚಿ, ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಂತು ಟೀ ಕುಡಿದಳು.

ಪಂಪಿನ ಸ್ವಿಚ್ಚಿಗೆ ಅವಳೇ ಟೇಪ್ ಅಂಟಿಸಿದ್ದಾಳೆ. ನಾನು ಈಗ ಸ್ನಾನ ಆದ ಮೇಲೆ ಕೆಟಲ್‌ನ ಸ್ವಿಚ್ ಆಫ್ ಮಾಡಿ ಬರುತ್ತೇನೆ.