ಸ್ಕೂಟರ್ ಮೇಲೆ ವಾಪಸು ಬಂದ ಮಗಳು

ನನ್ನ ಗಂಡ ಕೆಲಸ ಮಾಡುವ ಎರಕದ ಫೌಂಡ್ರಿಯವರು ಅವರನ್ನು ತರಬೇತಿಗೆಂದು ಜಪಾನಿಗೆ ಕಳಿಸಿದಾಗ ಮಗಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಆ ಊರಿನಲ್ಲಿ ಒಂದನೆಯ ತರಗತಿಯ ಮಕ್ಕಳು ಹಳದಿ ಟೋಪಿ ಹಾಕಿಕೊಂಡು ತಾವೇ ಶಾಲೆಗೆ ನಡೆದು ಹೋಗುತ್ತವೆ. ಬಿಡಲು ಹೋದ ನನಗೇ ಶಿಕ್ಷಕಿ ನಯವಾಗಿ, ನಾಳೆಯಿಂದ ನೀವು ಬರಬೇಡಿ ಅಂದರು. ಮೊದಮೊದಲು ನನ್ನ ಜೀವದಲ್ಲಿ ಜೀವ ಇರಲಿಲ್ಲ. ಮಗಳೋ, ಮಧ್ಯಾಹ್ನ ಗೆಳತಿಯರಿಗೆ ಊಟ ಬಡಿಸಿ, ತರಗತಿಯ ಕಸ ಗುಡಿಸಿ, ಹಾಡುತ್ತ ಮನೆಗೆ ಬರುತ್ತಿದ್ದಳು. ರಸ್ತೆ ದಾಟುವಲ್ಲಿ ಒಬ್ಬ ಮುದುಕ ಬಾವುಟ ಹಿಡಿದು ನಿಂತಿರುತ್ತಿದ್ದ. ವಾಹನ ನಿಲ್ಲಿಸುತ್ತಿದ್ದ, ಮಕ್ಕಳನ್ನಲ್ಲ.

ಬೆಳಗಾವಿಗೆ ಮರಳಿದ ಮೇಲೆ ನೆಹರು ನಗರದಲ್ಲಿ, ಮನೆಯಿಂದ ಎರಡು ಓಣಿ ಆಚೆಗಿನ ಶಾಲೆಗೆ ಸೇರಿಸಿದೆವು. ಒಂಬತ್ತು ವರ್ಷದವಳು, ಒಬ್ಬಳೇ ಹೋಗುತ್ತೇನೆ ಅಂದಳು. ಹೋಗು ಅಂದೆ. ಸ್ವಲ್ಪ ಹೊತ್ತಿಗೇ ಪಕ್ಕದ ಮನೆಯ ಕಾಕಾನ ಸ್ಕೂಟರ್ ಮೇಲೆ ವಾಪಸು ಬಂದಳು.

"ಕೂಸು ಒಂದ ಹೊಂಟಿತ್ತ ನೋಡವಾ. ಹಾದಿ ತಪ್ಪೇತಿ ಅಂತ ಕರ್ಕೊಂಡ ಬಂದೆ."

ಮೈಮೇಲೆ ಯೂನಿಫಾರ್ಮು, ಬೆನ್ನಿಗೆ ಪಾಟಿಚೀಲ, ಮುಖ ಶಾಲೆಯ ಕಡೆಗೆ. ಹಾದಿ ತಪ್ಪಿದ್ದು ಎಲ್ಲಿಂದ ಬಂತು ಮಣ್ಣು! ಆದರೂ ಚಹಾ ಕೊಟ್ಟು ಕಳಿಸಿದೆ. ಮರುದಿನ ಕಾಯಿಪಲ್ಲೆ ಮಾರುವ ಮಾವಶಿ ತನ್ನ ಗಾಡಿ ಬಿಟ್ಟು ಅವಳ ಕೈ ಹಿಡಿದು ತಂದು, ಮರಾಠಿಯಲ್ಲಿ ನನ್ನನ್ನೇ ಬೈದಳು. ಆಮೇಲೆ ಪರಿಚಯದ ಆಟೋದವನು. ಎಲ್ಲರೂ ಒಳ್ಳೆಯವರೇ, ಮೈ ಉರಿಯುವುದೂ ಅದಕ್ಕೇ, ಜಗಳಾಡುವಂತೆಯೂ ಇಲ್ಲ. ಸಾಲಿಗೆ ಹೊಂಟೇನಿ, ನನಗೆ ಹಾದಿ ಗೊತ್ತೈತಿ ಎಂದು ಹುಡುಗಿ ಬಡಕೊಂಡರೂ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇದೇ ಓಣಿಯಲ್ಲಿ ಹಾರ್ನ್ ಬಾರಿಸಿ ಮಕ್ಕಳನ್ನು ಗಟಾರದ ಅಂಚಿಗೆ ದಬ್ಬುವವರೂ ಇವರೇ. ಗಾಡಿ ಸಾವಕಾಶ ಹೊಡೀರಿ ಅಂದರೆ ಹಲ್ಲು ಕಿಸಿಯುತ್ತಾರೆ. ಹುಡುಗಿಯನ್ನು ಮಾತ್ರ ಎತ್ತಿಕೊಂಡು ಬರುತ್ತಾರೆ.

ಶಾಲೆಯವರಂತೂ ದೊಡ್ಡವರು ಬಾರದೆ ಸಂಜೆ ಗೇಟು ತೆರೆಯುವುದಿಲ್ಲ ಅಂದುಬಿಟ್ಟರು. ಮಂದಿ ಏನಂದಾರು ಎಂದು ಅತ್ತೆ ಮುಖ ಊದಿಸಿಕೊಂಡರು. ಬಡಿದಾಡಿ ಸಾಕಾಗಿ, ನಾನೇ ಸ್ಕೂಟಿಯಲ್ಲಿ ಬಿಟ್ಟು ಕರೆತರತೊಡಗಿದೆ.

ದೀಪಾವಳಿ ರಜೆಗೆ ಖಾನಾಪುರದ ತವರಿಗೆ ಹೋದೆವು. ಅಡುಗೆ ಮಾಡುತ್ತಿದ್ದ ನನ್ನವ್ವ, ಎದುರಿನ ಅಂಗಡಿಯಿಂದ ಕೊತ್ತಂಬರಿ ತಾ ಎಂದು ಮೊಮ್ಮಗಳಿಗೆ ಹೇಳಿದಳು. ಅಂಗಡಿ ನಮ್ಮ ಕಟ್ಟೆಯಿಂದಲೇ ಕಾಣುತ್ತದೆ. ಮಗಳು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲೇ ನಿಂತಳು.

"ಮಮ್ಮಿ, ನನ್ನ ಜೋಡಿ ಯಾರ ಬರ್ತಾರ?"

ಭಾಷೆಯೂ ಬಾರದ ಊರಿನಲ್ಲಿ ಒಬ್ಬಳೇ ರಸ್ತೆ ದಾಟಿದ ಹುಡುಗಿ ಇವಳು. ಅವ್ವ ಕೈಯಲ್ಲಿನ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಎಲ್ಲಾರೂ ಕೂಡಿ ಏನ ಮಾಡಿಟ್ಟೀರಿ ಈ ಕೂಸಿಗಿ?"