ಸರದಿಯ ಹಲಗೆ

ಜರ್ಮನಿಯ ನೆಕರ್ ನದಿಯ ನೆರೆ ಇಳಿದಿತ್ತು. ಬೀದಿಯವರೆಲ್ಲ ತಮ್ಮ ಹೊಸ್ತಿಲ ಕೆಸರು ಬಳಿದು ಹಾಕಿದ್ದರು. ರೋಸೀನೆಯ ಮನೆ ಮೆಟ್ಟಿಲ ಮೇಲೆ ಮಾತ್ರ ಅದು ಹಾಗೇ ಕೂತಿತ್ತು.

ಕೆಳಗೆ ಅವಳು, ಮಹಡಿಯಲ್ಲಿ ಅಣ್ಣ ಗಾಟ್‌ಹಿಲ್ಫ್. ಊರಿನ ಕಟ್ಟಳೆಯಂತೆ ಒಂದು ವಾರ ಕೆಳಗಿನವರು, ಮರುವಾರ ಮಹಡಿಯವರು ಮೆಟ್ಟಿಲು, ಬೀದಿ ಗುಡಿಸಬೇಕು. ಸರದಿ ಯಾರದೋ ಅವರ ಬಾಗಿಲಲ್ಲಿ ಮರದ ಹಲಗೆ ತೂಗಬೇಕು. ಅಣ್ಣನ ಬಾಗಿಲಲ್ಲಿ ತೂಗಿದಾಗಲೂ ಪೊರಕೆ ಹಿಡಿದವಳು ರೋಸೀನೆಯೇ. ಅವನು ಓದಲು ಹೋದಾಗ ಕಾಲರಿಗೆ ಗಂಜಿ ಹಾಕಿ ಕಳಿಸಿದಳು. ಹಾಸಿಗೆ ಹಿಡಿದ ತಾಯಿಯ ಹೇಲುಚ್ಚೆ ಬಳಿದಳು. ಪ್ರೊಫೆಸರಿಕೆ ಮುಗಿಸಿ ಬಂದವನು ಊರಿನ ಮಹನೀಯರ ಬಗ್ಗೆ ಪುಸ್ತಕ ಬರೆಯುವಾಗ ಊಟವನ್ನು ಮಹಡಿಗೆ ಹೊತ್ತಳು. ಪುಸ್ತಕದಲ್ಲಿ ಚರ್ಚಿನ ಗಂಟೆ ಎರಕ ಹೊಯ್ದವನಿದ್ದ, ದೋಣಿಯವರ ಹಾಡು ಕಟ್ಟಿದವನಿದ್ದ, ಕೊನೆಗೆ ಗಾಟ್‌ಹಿಲ್ಫನೂ ಇದ್ದ. ಒಬ್ಬ ಹೆಂಗಸಿರಲಿಲ್ಲ.

ಮಹನೀಯ ಗಾಟ್‌ಹಿಲ್ಫ್ ಹುಟ್ಟಿದ ಮನೆಯೆಂದು ಗೋಡೆಗೆ ಹೆಸರು ಕೆತ್ತಿದ ಕಲ್ಲು ಕೂರಿಸಲು ಊರು ನಿಶ್ಚಯಿಸಿತು. ಆ ಮಾತಿಗೆಂದು ಮೇಯರ್ ಊಟಕ್ಕೆ ಬಂದಿದ್ದರು. ಅವಳು ಬೇಯಿಸಿದ ಮಸೂರ ಬೇಳೆ ಚಪ್ಪರಿಸುತ್ತ ಅಣ್ಣ ಅಂದಿದ್ದ: "ನಮ್ಮ ರೋಸೀನೆ ಪುಣ್ಯವಂತೆ. ದುಡಿಯೋ ಕರ್ಮ ಇಲ್ಲ, ಮನೇಲೇ ಹಾಯಾಗಿದಾಳೆ."

ಅವಳು ಅವನ ಸರದಿ ಬರಲಿ ಎಂದು ಕಾದಳು.

ಇವತ್ತು ಶನಿವಾರ, ಕೂರಿಸಿದ ಕಲ್ಲಿನ ಮುಸುಕು ತೆಗೆಯುವ ದಿನ. ಎದುರುಮನೆಯ ಬರ್ಟಾ ಕಿಟಕಿಯಿಂದಲೇ ಕೂಗಿದಳು: "ಏನೇ ರೋಸೀನೆ, ಮೆಟ್ಟಿಲ ಮೇಲೆ ಹಂದಿ ಸಾಕ್ತೀಯೇನೇ?"

"ಹಲಗೆ ಮಹಡೀಲಿದೆ ಕಣೆ. ಹಂದಿ ಯಾರದೂಂತ ಅಲ್ಲೇ ಕೇಳು!"

ಕರಿ ಕೋಟು ತೊಟ್ಟ ಅಣ್ಣ ಇಳಿದು ಬಂದು ಬೆಚ್ಚಿದ. "ಮೇಯರ್ ಬಂದುಬಿಡ್ತಾರೆ! ಬೇಗ ತೊಳಿಯೇ!"

"ಸರದಿ ನಿಂದಲ್ವಾ ಅಣ್ಣ?"

"ಇವತ್ತೊಂದು ದಿನ..."

"ನಂಗೆಲ್ಲಿ ದುಡಿಯೋ ಕರ್ಮ? ನಾನು ಪುಣ್ಯವಂತೆ."

ಸೇತುವೆಯ ಕಡೆಯಿಂದ ಬ್ಯಾಂಡು ಕೇಳಿಸಿತು. ಗುಡಿಸದ ಮೆಟ್ಟಿಲನ್ನು ಈ ಊರು ತಲೆಮಾರು ಕಳೆದರೂ ಮರೆಯುವುದಿಲ್ಲ. ಅದು ಅವನಿಗೂ ಗೊತ್ತು. ಬಾಗಿಲ ಹಿಂದಿನ ಪೊರಕೆ ತಾನೇ ಎತ್ತಿಕೊಂಡ. ಮೊದಲು ಸಲಿಕೆಯಲ್ಲಿ ಕೆರೆಯಬೇಕು, ಆಮೇಲೆ ನೀರು ಎಂಬುದೇ ತಿಳಿಯದೆ ಕೆಸರನ್ನೆಲ್ಲ ಗೋಡೆಗೆ, ಕೋಟಿಗೆ ಬಳಿದ.

ಮೆರವಣಿಗೆ ಬಂದು ನಿಂತಿತು. ಬ್ಯಾಂಡು ತಾನಾಗಿ ಬಾಯಿ ಮುಚ್ಚಿತು.

"ಮೂಲೆ ಬಿಟ್ರಿ, ಪ್ರೊಫೆಸರ್ರೇ!" ಎಂದಳು ಬರ್ಟಾ. ಹೆಂಗಸರ ಸಾಲು ಗೊಳ್ಳೆಂದಿತು.

ಮೇಯರ್ ಗಡಿಬಿಡಿಯಲ್ಲಿ ಕಲ್ಲಿನ ಮುಸುಕು ಎಳೆದರು. ಯಾರೂ ಅತ್ತ ನೋಡಲಿಲ್ಲ. ಎಲ್ಲರ ಕಣ್ಣೂ ಆ ಮೂಲೆಯ ಮೇಲಿತ್ತು.

"ಇಂಥ ಮಹನೀಯರು ಹುಟ್ಟಿದ ಮನೆ..." ಎಂದು ಮೇಯರ್ ತೊದಲಿದರು.

"ನಾನೂ ಅದೇ ಮಂಚದ ಮೇಲೆ ಹುಟ್ಟಿದ್ದು, ಮೇಯರ್ರೇ," ಎಂದಳು ತನ್ನ ಕಿಟಕಿಯಲ್ಲಿ ಕೂತ ರೋಸೀನೆ. ಸಮಾರಂಭಕ್ಕೆಂದು ತಾನೇ ಮಾಡಿದ ಪ್ಲಮ್ ಕೇಕಿನ ದೊಡ್ಡ ತುಂಡು ಕತ್ತರಿಸಿಕೊಂಡು, ನಿಧಾನವಾಗಿ ಅಗಿದು ನುಂಗಿದಳು.

"ಅಣ್ಣಾ, ಬೀದಿ ಇನ್ನೂ ಬಾಕಿ."