ಮೀನಿನ ಅಪ್ಪಣೆ

ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದ ಹೊಸತು ಅದು. ಆಗ ಮಸ್ಕಿಯಲ್ಲಿ ನಮ್ಮ ಓಣಿಯವರು ದೊಡ್ಡ ಮಾತುಗಳನ್ನು ಗುಡ್ಡದ ಕೆಳಗಿನ ಹೊಂಡದ ಮೀನುಗಳಿಗೆ ಕೇಳುತ್ತಿದ್ದರು. ಮನೆಯ ಹಿರಿಯರು ಚುರುಮುರಿ ಚೆಲ್ಲಬೇಕು. ಮೀನು ತಿಂದರೆ ಅಪ್ಪಣೆಯಾಯಿತು, ತಿನ್ನದಿದ್ದರೆ ಇಲ್ಲ. ಒಂದು ಮಾತಿಗೆ ಒಂದೇ ಸಲ.

ಆ ಶ್ರಾವಣದಲ್ಲಿ ಅಕ್ಕ ನೀಲವ್ವನಿಗೆ ಸಂತೆಕಲ್ಲೂರಿನ ಗಂಡು ಬಂದಿತ್ತು. ಅವನು ಅಕ್ಕನ ಮನಸ್ಸಿಗೂ ಬಂದಿದ್ದ. ಹೊಂಡಕ್ಕೆ ಹೋಗುವ ಸೋಮವಾರ ಬೆಳಿಗ್ಗೆ ನನ್ನ ಜಡೆ ಹೆಣೆಯುತ್ತ, "ಮೀನ ಬರ್ತಾವಿಲ್ಲೇನ್ಬೇ?" ಎಂದು ಎರಡು ಸಲ ಕೇಳಿದಳು. ನನಗಾಗ ಎಂಟೋ ಒಂಬತ್ತೋ.

ಬರುವಂತೆ ನಾನೇ ಮಾಡುತ್ತೇನೆ ಎಂದುಕೊಂಡೆ. ನಾಲ್ಕು ತಂಗಳು ರೊಟ್ಟಿ ಉಡಿಯಲ್ಲಿ ಕಟ್ಟಿಕೊಂಡು ಮೊದಲೇ ಓಡಿಹೋಗಿ ಮುರಿಮುರಿದು ಹಾಕಿದೆ. ಒಂದರ ಮೇಲೊಂದು ಬಿದ್ದು ತಿಂದವು. ಇನ್ನು ಇವು ಮೆಟ್ಟಿಲು ಬಿಟ್ಟು ಹೋಗುವುದಿಲ್ಲವೆಂದು ಖುಷಿಯಾಯಿತು.

ಅವ್ವ ಅಕ್ಕನೊಡನೆ ಬಂದು ಚುರುಮುರಿ ಚೆಲ್ಲಿದಾಗ ಮೀನುಗಳು ಮೆಟ್ಟಿಲ ಬಳಿಯೇ ಇದ್ದವು. ಒಂದು ಮೂತಿ ತಾಗಿಸಿ ತಿರುಗಿತು. ಉಳಿದವು ಅದನ್ನೂ ಮಾಡಲಿಲ್ಲ. ಕೊಳೆತ ಬಿಲ್ವಪತ್ರೆಯ ವಾಸನೆಯ ನೀರಿನಲ್ಲಿ ಚುರುಮುರಿ ನೆನೆದು ಮೆತ್ತಗಾಯಿತು.

"ಒಲ್ಲೆ ಅಂದಾವ. ಮುಗೀತು," ಎಂದಳು ಅವ್ವ.

ಆಚೆ ಕಡೆ ಕೊಡ ತಿಕ್ಕುತ್ತಿದ್ದ ನೆರೆಮನೆಯ ಪಾರಮ್ಮ ತಲೆ ಎತ್ತಿದಳು. "ಅಕ್ಕಾರ, ಮ್ವಾಡ ಮುಚ್ಚಿ ನಾಕ ದಿನ ಆತು. ನೀರು ನಾರಾಕತ್ಯಾವ. ಉಸರ ಸಿಗದ ಮೀನಕ್ಕ ಊಟ ಹೆಂಗ ಸೇರ್ತದ? ಮಳಿ ಬಿದ್ದ ಮ್ಯಾಲ ಕೇಳ್ರಿ."

"ಮೀನಕ್ಕ ನೆಗಡಿ ಬಂದದೇನು? ನಿನ್ನ ಕೊಡ ನೀ ತಿಕ್ಕು."

ಅಕ್ಕ ನನ್ನ ಕಡೆ ನೋಡಿದಳೆಂದು ನೆನಪು. ನೋಡಿರಲಿಕ್ಕಿಲ್ಲ, ತಪ್ಪು ಮಾಡಿದವರಿಗೆ ಎಲ್ಲರೂ ನೋಡಿದಂತೆಯೇ ಇರುತ್ತದೆ. ರೊಟ್ಟಿ ಹಾಕಿದ್ದೆ ಎಂದಿದ್ದರೆ ಬಹುಶಃ ಇನ್ನೊಂದು ಸೋಮವಾರ ಸಿಗುತ್ತಿತ್ತು. ಬೈಸಿಕೊಳ್ಳುವ ಹೆದರಿಕೆಗೆ ಸುಮ್ಮನಿದ್ದೆ. ಸಂಜೆಯೊಳಗೆ ಸೋದರಮಾವ ಸಂತೆಕಲ್ಲೂರಿಗೆ ಹೋಗಿ ಆಗುವುದಿಲ್ಲ ಎಂದು ಹೇಳಿಬಂದ.

ಮರುವರ್ಷ ಅಕ್ಕ ಸಾಲಗುಂದಕ್ಕೆ ಸೊಸೆಯಾಗಿ ಹೋದಳು. ಕೆಟ್ಟ ಸಂಸಾರವೇನಲ್ಲ. ನಾನು ದೊಡ್ಡವಳಾದ ಮೇಲೆ ಪಾರಮ್ಮನ ಮಾತನ್ನೇ ಹಿಡಿದುಕೊಂಡೆ. ನೀರಿನಲ್ಲಿ ಉಸಿರು ಕಡಿಮೆಯಾದರೆ ಮೀನು ತಿನ್ನುವುದಿಲ್ಲ, ನಿಜ. ಆದರೆ ಆ ಬೆಳಿಗ್ಗೆ ಅದೇ ನೀರಿನಲ್ಲಿ ಅವು ನಾಲ್ಕು ರೊಟ್ಟಿ ತಿಂದಿದ್ದವು.

ಈಗ ಹೊಂಡಕ್ಕೆ ಯಾರೂ ಏನೂ ಕೇಳಲು ಹೋಗುವುದಿಲ್ಲ. ಅದು ನಿಂತದ್ದಕ್ಕೆ ನನಗೆ ದುಃಖವಿಲ್ಲ. ಕಳೆದುಕೊಂಡದ್ದು ಬೇರೆ. ಅಕ್ಕ ತೀರಿಕೊಳ್ಳುವ ಹಿಂದಿನ ವಾರ ಫೋನು ಮಾಡಿದ್ದೆ. ಊಟ, ಔಷಧಿ ಎಂದು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೆನೇನೋ, "ಏನರ ಹೇಳೂದಿತ್ತೇನ್ಬೇ?" ಎಂದಳು.

"ಏನಿಲ್ಲಕ್ಕ," ಎಂದೆ.